ತಾಯಿಯ ಪ್ರಭಾವವೂ ತಾಯಿಯ ಅಧಿಕಾರವೂ

ಕ್ರೈಸ್ತ ಗೃಹದಲ್ಲಿ ತಾಯಿಯ ಆತ್ಮಿಕ ಪ್ರಭಾವವನ್ನು ಕೊಂಡಾಡದ ಉಪದೇಶಕರಿಲ್ಲ. ತೊಟ್ಟಿಲ ಬಳಿಯ ಪ್ರಾರ್ಥನೆ, ಮಡಿಲಲ್ಲಿ ಕಲಿತ ಕೀರ್ತನೆ, ದಾರಿತಪ್ಪಿದ ಮಗನಿಗಾಗಿ ಸುರಿದ ಕಣ್ಣೀರು, ಇವುಗಳ ವರ್ಣನೆಯನ್ನು ಕೇಳಿ ಸಭೆಯು ತಲೆದೂಗುವುದು ವಾಡಿಕೆ. ಆದರೆ ಅದೇ ತಾಯಿಯು ಶಾಸ್ತ್ರವನ್ನು ಓದಿ ಅರ್ಥ ಹೇಳತೊಡಗಿದರೆ, ಸಭೆಯ ಕಾರ್ಯದಲ್ಲಿ ತನ್ನ ಅಭಿಪ್ರಾಯವೊಂದನ್ನು ಮುಂದಿಟ್ಟರೆ, ತೂಗಿದ ತಲೆಗಳೇ ಅಡ್ಡಕ್ಕೆ ಆಡುವುವು. ಪ್ರಭಾವವು ಬೇಕು, ಅಧಿಕಾರವು ಬೇಡ. ಫಲವು ಬೇಕು, ಬೇರಿಗೆ ನೀರೆರೆಯುವ ಮಾತು ಬೇಡ. ಈ ನ್ಯಾಯವು ಎಷ್ಟರ ಮಟ್ಟಿಗೆ ನಿಲ್ಲತಕ್ಕದ್ದೆಂಬುದು ವಿಚಾರಣೀಯವಾಗಿದೆ.

ಕಣ್ಣೀರಿನ ಪಕ್ಷದವರು ಅಗಸ್ಟೀನನ ತಾಯಿಯಾದ ಮೋನಿಕಳನ್ನು ಸಾಕ್ಷಿಗೆ ಕರೆಯುವರು. ಆಕೆ ಅತ್ತುದು ನಿಜ. ಆದರೆ 386ರಲ್ಲಿ ಮಿಲಾನ್ ಪಟ್ಟಣದ ಹೊರಗಿನ ಮನೆಯೊಂದರಲ್ಲಿ ಮಗನು ತನ್ನ ಮಿತ್ರರೊಡನೆ ತತ್ತ್ವವಿಚಾರ ನಡೆಸಿದಾಗ ಆಕೆಯೂ ಅಲ್ಲಿದ್ದು ವಾದದಲ್ಲಿ ಪಾಲ್ಗೊಂಡಳೆಂಬುದನ್ನು ಅವರು ಹೇಳುವುದಿಲ್ಲ. ಇಂತಹ ಗ್ರಂಥಗಳಲ್ಲಿ ಹೆಂಗಸರಿಗೆ ಎಡೆಯುಂಟೆ ಎಂದು ಆಕೆ ಸಂಕೋಚಪಟ್ಟಾಗ, ಪೂರ್ವದಲ್ಲಿಯೂ ಸ್ತ್ರೀಯರು ತತ್ತ್ವಚಿಂತನೆ ಮಾಡಿದ್ದರೆಂದೂ ಆಕೆಯ ಚಿಂತನೆಯು ತನಗೆ ಬಹು ಮೆಚ್ಚೆಂದೂ ಮಗನು ಉತ್ತರಕೊಟ್ಟನು. ಮರುವರ್ಷ ಆತನಿಗೆ ದೀಕ್ಷಾಸ್ನಾನವಾಯಿತು. ಅದೇ ವರ್ಷ ಆಕೆ ತೀರಿಕೊಂಡಳು. ಹಾಗೆಯೇ ತಿಮೊಥೆಯನ ತಂದೆಯು ಗ್ರೀಕನು. ಬಾಲ್ಯದಿಂದ ಆತನಿಗಿದ್ದ ಶಾಸ್ತ್ರಪರಿಚಯವನ್ನು ನೆನೆಯುವ ಪೌಲನು ಆತನ ನಂಬಿಕೆಯ ಮೂಲವನ್ನು ಹೇಳುವಾಗ ಹೆಸರಿಸುವುದು ಅಜ್ಜಿಯಾದ ಲೋವಿಯನ್ನೂ ತಾಯಿಯಾದ ಯೂನಿಕೆಯನ್ನೂ. ತಾನರಿಯದ ಶಾಸ್ತ್ರವನ್ನು ತಾಯಿಯು ಮಗನಿಗೆ ಅರುಹುವುದೆಂತು?

ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ನಿದರ್ಶನವು ಇಂಗ್ಲೆಂಡಿನ ಎಪ್‌ವರ್ತ್ ಗ್ರಾಮದ ಪಾದ್ರಿಯ ಪತ್ನಿಯಾದ ಸುಸಾನ್ನ ವೆಸ್ಲಿಯದು. ಆಕೆ ಹತ್ತೊಂಬತ್ತು ಮಕ್ಕಳನ್ನು ಹೆತ್ತು, ಅವರಲ್ಲಿ ಒಂಬತ್ತು ಮಂದಿಯನ್ನು ಶೈಶವದಲ್ಲಿಯೇ ಕಳೆದುಕೊಂಡವಳು. ಸಾಲದಿಂದ ಬಳಲಿದ ಸಂಸಾರದವಳು. ಆದರೂ ಮನೆಯಲ್ಲಿ ಪ್ರತಿದಿನ ಆರು ಗಂಟೆಗಳ ಪಾಠವು ತಪ್ಪುತ್ತಿರಲಿಲ್ಲ. ಐದು ವರ್ಷ ತುಂಬಿದ ಮಗುವಿಗೆ ಅಕ್ಷರಾಭ್ಯಾಸ. ಅದು ಮುಗಿಯುತ್ತಲೇ ಆದಿಕಾಂಡದ ಮೊದಲನೆಯ ಅಧ್ಯಾಯ. ವಾರದಲ್ಲಿ ಒಂದೊಂದು ಸಂಜೆಯನ್ನು ಒಂದೊಂದು ಮಗುವಿನೊಡನೆ ಏಕಾಂತದ ಮಾತಿಗೆ ಮೀಸಲಿಟ್ಟಿದ್ದಳು, ಗುರುವಾರವು ಜಾನ್‌ನದು. ಚೆನ್ನಾಗಿ ಓದಲು ಬರುವವರೆಗೆ ಯಾವ ಹೆಣ್ಣು ಮಗುವನ್ನೂ ಮನೆಗೆಲಸಕ್ಕೆ ಹಚ್ಚಕೂಡದೆಂಬುದು ಆಕೆಯ ನಿಯಮ. ಆಕೆಯ ಶಿಸ್ತಿನಲ್ಲಿ ಇಂದಿನವರು ಒಪ್ಪದ ಕಾಠಿನ್ಯವಿತ್ತು; ಬೆತ್ತಕ್ಕೆ ಅಲ್ಲಿ ಸ್ಥಾನವಿತ್ತು. ಅದನ್ನು ಅನುಕರಿಸಬೇಕಾಗಿಲ್ಲ. ಅನುಕರಿಸತಕ್ಕದ್ದು ಆಕೆಯ ವಿದ್ಯೆ, ಕ್ರಮ, ಧೈರ್ಯಗಳನ್ನು.

ಆ ಧೈರ್ಯಕ್ಕೆ ಪರೀಕ್ಷೆಯೂ ಬಂದಿತು. 1712ರ ಚಳಿಗಾಲದಲ್ಲಿ ಪತಿಯು ಲಂಡನ್ನಿನಲ್ಲಿದ್ದಾಗ ಆಕೆ ಭಾನುವಾರ ಸಂಜೆ ಮಕ್ಕಳಿಗೂ ಆಳುಗಳಿಗೂ ಪ್ರಸಂಗಗಳನ್ನು ಓದಿ ಹೇಳುತ್ತಿದ್ದಳು. ನೆರೆಯವರು ಬರತೊಡಗಿ ಸುಮಾರು ಇನ್ನೂರು ಮಂದಿ ಸೇರಿದರು. ಸಹಾಯಕ ಪಾದ್ರಿಯು ದೂರು ಬರೆದನು. ಪತಿಯೂ ನಿಲ್ಲಿಸಬೇಕೆಂದು ಸೂಚಿಸಿದನು. ಆಕೆ ಇದರಿಂದ ದೇವಾಲಯಕ್ಕೆ ಬರುವವರು ಹೆಚ್ಚಿದ್ದಾರೆಂದು ತೋರಿಸಿಕೊಟ್ಟು, ಬರಿಯ ಇಚ್ಛೆಯನ್ನು ತಿಳಿಸಿದರೆ ಸಾಲದು, ನ್ಯಾಯತೀರ್ಪಿನ ದಿನ ತನ್ನ ಮೇಲೆ ದೋಷ ಬಾರದಂತೆ ಸ್ಪಷ್ಟವಾದ ಆಜ್ಞೆಯನ್ನೇ ಕಳುಹಿಸಬೇಕೆಂದು ಬರೆದಳು. ಅಂತಹ ಆಜ್ಞೆಯು ಬರಲಿಲ್ಲ. ಆಗ ಜಾನ್‌ನಿಗೆ ಎಂಟು ವರ್ಷ. ಮುಂದೆ ಆತನು ದೀಕ್ಷೆ ಹೊಂದದ ಥಾಮಸ್ ಮ್ಯಾಕ್ಸ್‌ಫೀಲ್ಡನ ಬೋಧನೆಯನ್ನು ತಡೆಯಹೊರಟಾಗ, ಮೊದಲು ಕೇಳಿ, ಫಲವನ್ನು ನೋಡಿ ತೀರ್ಮಾನಿಸೆಂದು ಎಚ್ಚರಿಸಿದವಳೂ ಆ ತಾಯಿಯೇ. ಮಗನು ತಡೆಯಲಿಲ್ಲ, ಮೆಥಡಿಸ್ಟ್ ಪಂಥವು ಅಂತಹ ಬೋಧಕರಿಂದಲೇ ಬೆಳೆಯಿತು. ಆ ಪಂಥದ ಮಿಷನ್ನು ಮೈಸೂರು ಸೀಮೆಯಲ್ಲಿ ಕಟ್ಟಿದ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಐಕ್ಯವಾದುವು. ಎಪ್‌ವರ್ತಿನ ಅಡಿಗೆಮನೆಯ ಋಣವು ಕನ್ನಡ ನಾಡಿನ ಮೇಲೆಯೂ ಉಂಟು.

ತಾಯಿಗೆ ಅಧಿಕಾರವಿತ್ತರೆ ತಂದೆಯ ಶಿರಸ್ಥಾನಕ್ಕೆ ಕುಂದಾಗುವುದೆಂದು ಕೆಲವರ ಆಕ್ಷೇಪ. ತಂದೆಯ ಗೌರವವು ತಾಯಿಯ ಅಜ್ಞಾನದ ಮೇಲೆ ನಿಂತುದಾದರೆ ಅದು ಬೀಳುವುದೇ ಲೇಸು. ಮತ್ತೆ ಕೆಲವರು, ಧರ್ಮಬೋಧೆಗೆ ಭಾನುವಾರದ ಶಾಲೆ ಸಾಕೆನ್ನುವರು. ವಾರಕ್ಕೊಂದು ಗಂಟೆಯ ಪಾಠವು ದಿನವೆಲ್ಲ ಕಣ್ಣೆದುರಿರುವ ನಡತೆಗೆ ಸಾಟಿಯಾದೀತೆ? ಮಗುವು ಕೇಳುವ ಪ್ರಶ್ನೆಯು ಭಾನುವಾರಕ್ಕಾಗಿ ಕಾಯುವುದಿಲ್ಲ. ಅದು ಒಲೆಯ ಮುಂದೆ, ಊಟದ ಹೊತ್ತಿನಲ್ಲಿ, ಮನೆಯಲ್ಲಿ ಸಾವಾದ ರಾತ್ರಿಯಲ್ಲಿ ಏಳುವುದು. ಆಗ ಉತ್ತರ ಕೊಡಬೇಕಾದವಳಿಗೆ ಓದಿಗೆ ಬಿಡುವಿಲ್ಲದಂತೆಯೂ ಮಾತಿಗೆ ಎಡೆಯಿಲ್ಲದಂತೆಯೂ ಮಾಡಿಟ್ಟು, ಮಕ್ಕಳಲ್ಲಿ ಭಕ್ತಿಯು ಕುಂದಿತೆಂದು ಮರುಗುವುದು ವಂಚನೆಯಲ್ಲವೆ?

ಆದುದರಿಂದ ಸಭೆಗಳು ತಾಯಂದಿರ ಸ್ತುತಿಯನ್ನು ಕೆಲಕಾಲ ನಿಲ್ಲಿಸಿದರೂ ನಷ್ಟವಿಲ್ಲ. ಆ ಹೊತ್ತನ್ನು ಅವರ ಶಾಸ್ತ್ರಾಭ್ಯಾಸಕ್ಕೆ ಕೊಡಲಿ. ಆಡಳಿತ ಮಂಡಲಿಯಲ್ಲಿ ಅವರಿಗೆ ಮಾತಿರುವ ಸ್ಥಾನವನ್ನು ಕೊಡಲಿ. ಮನೆಯ ಗಂಡಸರು ದಿನಕ್ಕೆ ಒಂದು ಗಂಟೆಯಾದರೂ ಮನೆಗೆಲಸವನ್ನು ತಾವು ವಹಿಸಿಕೊಂಡು ಅವರಿಗೆ ಓದುವ ಬಿಡುವನ್ನು ಒದಗಿಸಲಿ. ಇಷ್ಟನ್ನು ಮಾಡಲೊಲ್ಲದವರು ತಾಯಿಯ ಪ್ರಭಾವದ ಮಾತನ್ನು ವೇದಿಕೆಯಲ್ಲಿ ಎತ್ತದಿರುವುದೇ ಪ್ರಾಮಾಣಿಕತೆಯು.