ಕುತ್ತಿಗೆವರೆಗಿನ ಮಣ್ಣು: ಬುದ್ಧಿಯನ್ನು ದೂರುವವರಿಗೊಂದು ಪ್ರತ್ಯುತ್ತರ

2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣ. ಮಂಗಳೂರಿನ ಜನ ಗ್ರಹಣದ ಕನ್ನಡಕ ಹಾಕಿಕೊಂಡು ಆ ಉಂಗುರವನ್ನು ನೋಡಿದರು. ಅದೇ ಬೆಳಿಗ್ಗೆ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಗುಂಡಿ ತೋಡಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ಅಂಗವೈಕಲ್ಯ ವಾಸಿಯಾಗುತ್ತದೆ ಎಂಬುದು ನಂಬಿಕೆ. ಇಂಥದ್ದನ್ನು ಪ್ರಶ್ನಿಸಿದಾಗಲೆಲ್ಲ ಕೆಲವು ವಾದಗಳು ಎದುರಾಗುತ್ತವೆ. ಒಂದೊಂದಕ್ಕೂ ಉತ್ತರ ಕೊಡಲೇಬೇಕು.

ಮೊದಲನೆಯದು: ಮನುಷ್ಯ ಭಾವಜೀವಿ, ಬದುಕು ನಡೆಯುವುದು ತರ್ಕದಿಂದಲ್ಲ. ಇದರಲ್ಲಿ ಅರ್ಧ ನಿಜವಿದೆ. ಆ ಮಕ್ಕಳನ್ನು ಗುಂಡಿಗಿಳಿಸಿದ್ದು ದ್ವೇಷವಲ್ಲ, ಹೆತ್ತವರ ಅಕ್ಕರೆ. ಮಗು ನಡೆಯಬೇಕು ಎಂಬ ಹಂಬಲವನ್ನು ಯಾವ ತರ್ಕವೂ ಹುಟ್ಟಿಸುವುದಿಲ್ಲ, ಹುಟ್ಟಿಸಬೇಕಾಗಿಯೂ ಇಲ್ಲ. ಆದರೆ ಮಗು ನಡೆಯುವಂತಾಗಲು ಏನು ಮಾಡಬೇಕು ಎಂಬ ಪ್ರಶ್ನೆಗೆ ಅಕ್ಕರೆಯ ಬಳಿ ಉತ್ತರವಿಲ್ಲ. ಅದನ್ನು ವಿಚಾರಿಸಿಯೇ ತಿಳಿಯಬೇಕು. ಹಾಗೆ ವಿಚಾರಿಸುವುದು ನಮ್ಮ ಜನಕ್ಕೆ ಹೊಸದೂ ಅಲ್ಲ. ಆ ಸೀಮೆಯಲ್ಲಿ ತೊಗರಿ ಬಿತ್ತುವವರು ಹೊಸ ತಳಿ ತರುವ ಮುಂಚೆ ಹೋದ ವರ್ಷ ಅದು ಯಾರ ಹೊಲದಲ್ಲಿ ಹೇಗೆ ಬಂತು, ಗೊಡ್ಡುರೋಗ ತಗುಲಿತೇ ಎಂದು ನಾಲ್ಕು ಕಡೆ ಕೇಳುತ್ತಾರೆ. ಬೀಜದ ವಿಷಯದಲ್ಲಿ ಇಷ್ಟು ಎಚ್ಚರವಿರುವವರು ಮಗುವಿನ ವಿಷಯದಲ್ಲಿ ಬುದ್ಧಿಯನ್ನು ಬದಿಗಿಡಬೇಕು ಎಂದು ಬೋಧಿಸುವುದು ಆ ಹೆತ್ತವರಿಗೆ ಮಾಡುವ ಅನ್ಯಾಯ. ಅವರಲ್ಲಿ ಬುದ್ಧಿಗೇನೂ ಕೊರತೆಯಿಲ್ಲ. ಸರಿಯಾದ ಮಾಹಿತಿ ಸಿಕ್ಕಿರಲಿಲ್ಲ, ಕೈಗೆಟುಕುವ ಚಿಕಿತ್ಸೆಯ ದಾರಿಯನ್ನು ಯಾರೂ ತೋರಿಸಿರಲಿಲ್ಲ.

ಎರಡನೆಯದು: ಹಿರಿಯರೇನು ದಡ್ಡರೇ? ಖಂಡಿತ ಅಲ್ಲ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು, ಸೂರ್ಯನನ್ನು ಮರೆಮಾಡುವುದು ಚಂದ್ರ ಎಂದು ಆರ್ಯಭಟ 499ರ ಸುಮಾರಿಗೇ ಹೇಳಿದ್ದ. ಆತನ ನಂತರ ಬಂದ ವರಾಹಮಿಹಿರ ಜ್ಯೋತಿಷ್ಯವನ್ನು ನಂಬಿದವನು. ಆದರೂ ಗ್ರಹಣಕ್ಕೆ ರಾಹು ಕಾರಣ ಎಂಬ ಮಾತನ್ನು ಬೃಹತ್ಸಂಹಿತೆಯಲ್ಲಿ ತಳ್ಳಿಹಾಕಿದ. ಇವತ್ತಿಗೂ ಪಂಚಾಂಗದಲ್ಲಿ ಅಚ್ಚಾಗುವ ಸ್ಪರ್ಶ, ಮಧ್ಯ, ಮೋಕ್ಷಗಳ ಹೊತ್ತು ಬರುವುದು ಆ ಗಣಿತದ ಪರಂಪರೆಯಿಂದ. ಗುಂಡಿ ತೋಡುವವರು ಗಡಿಯಾರ ನೋಡಿಕೊಳ್ಳುವುದೂ ಅದೇ ಲೆಕ್ಕವನ್ನು ನಂಬಿ. ಹಿರಿಯರ ಮೇಲೆ ಗೌರವವಿದ್ದರೆ ಅವರ ಗಣಿತವನ್ನೂ ಗೌರವಿಸೋಣ.

ವಿಜ್ಞಾನಕ್ಕೆ ಎಲ್ಲವೂ ಗೊತ್ತಿಲ್ಲ ಎನ್ನುತ್ತಾರೆ. ಹೌದು, ಗೊತ್ತಿಲ್ಲ. ಅದರಿಂದ ಮಣ್ಣಿಗೆ ಗೊತ್ತಿದೆ ಎಂದಾಗುವುದಿಲ್ಲ.

ಯಾರಿಗೆ ಏನು ತೊಂದರೆ, ಅವರ ನಂಬಿಕೆ ಅವರಿಗೆ ಎಂಬ ಮಾತಿದೆಯಲ್ಲ, ನನ್ನನ್ನು ಹೆಚ್ಚು ಕಾಡುವುದು ಅದು. ಗ್ರಹಣದ ದಿನ ನೀವು ಸ್ನಾನ ಮಾಡಿ, ಜಪ ಮಾಡಿ, ಉಪವಾಸವಿರಿ. ಅದು ನಿಮ್ಮ ದೇಹ, ನಿಮ್ಮ ಮನಸ್ಸು. ಆದರೆ ಕತ್ತಲೆ ಕೋಣೆಯಲ್ಲಿ ಗಂಟೆಗಟ್ಟಲೆ ನೀರೂ ಇಲ್ಲದೆ ಕೂರುವ ಗರ್ಭಿಣಿಯನ್ನು ಯಾರು ಕೇಳಿದರು? ಕೈಕಾಲು ಆಡಿಸಲಾಗದಂತೆ ಮಣ್ಣು ಮುಚ್ಚಿದ ಮಗುವನ್ನು ಯಾರು ಕೇಳಿದರು? ನಂಬಿಕೆಯ ಬೆಲೆಯನ್ನು ಇನ್ನೊಬ್ಬರ ಮೈ ತೆರಬೇಕಾಗಿ ಬಂದಾಗ ಆಧಾರ ಕೇಳುವ ಹಕ್ಕು ಎಲ್ಲರಿಗೂ ಇದೆ.

ಇನ್ನು, ವಿಚಾರವಾದಿಗಳೆಂದರೆ ಧರ್ಮದ್ವೇಷಿಗಳು ಎಂಬ ಆರೋಪ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗಲೂ ಟೀಕೆ ಜೋರಾಗಿತ್ತು. ಅವರು ಖಾದಿ ಉಟ್ಟು, ಬದುಕನ್ನೇ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಕಳೆದ ಗಾಂಧಿವಾದಿ. ಪವಾಡ ಮಾಡುತ್ತೇನೆನ್ನುವವರು ಪರೀಕ್ಷೆಗೆ ಒಪ್ಪಲಿ ಎಂದಷ್ಟೇ ಕೇಳಿದರು. ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯನ್ನೇ ತೆಗೆದು ಓದಿ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆ ಯಾವುದಕ್ಕೂ ಅದರಲ್ಲಿ ಅಡ್ಡಿಯಿಲ್ಲ. ಅದು ತಡೆಯಹೊರಟಿರುವುದು ಅಮಾನವೀಯ ಆಚರಣೆಗಳನ್ನು.

2027ರ ಆಗಸ್ಟ್ 2ರಂದು ಮತ್ತೆ ಸೂರ್ಯಗ್ರಹಣ. ಭಾರತದ ಹಲವೆಡೆ ಅದು ಪಾರ್ಶ್ವವಾಗಿ ಕಾಣಲಿದೆ. ಆಶಾ ಕಾರ್ಯಕರ್ತೆಯರು, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಶಾಲೆಯ ಮೇಷ್ಟ್ರು ಅದಕ್ಕೆ ಮುಂಚೆಯೇ ಅಂಗವಿಕಲ ಮಕ್ಕಳಿರುವ ಮನೆಗಳಿಗೆ ಹೋಗಲಿ. ಗ್ರಹಣ ಹೇಗಾಗುತ್ತದೆ ಎಂದು ತಿಳಿಸಲಿ. ಫಿಸಿಯೋಥೆರಪಿ ಎಲ್ಲಿ ಸಿಗುತ್ತದೆ, ಮಾಸಾಶನಕ್ಕೆ ಅರ್ಜಿ ಹಾಕುವುದು ಹೇಗೆ ಎಂಬುದನ್ನೂ ಅದೇ ಭೇಟಿಯಲ್ಲಿ ಹೇಳಿ ಬರಲಿ.