ನೀತಿ ದೆಹಲಿಯ ಕಪಾಟಿನಲ್ಲಿ, ಯುವಕ ವಿಜಯನಗರದ ರೂಮಿನಲ್ಲಿ!



ಜನವರಿ 12 ಬಂತೆಂದರೆ ನಮ್ಮನ್ನಾಳುವವರಿಗೆ ಯುವಕರ ನೆನಪಾಗುತ್ತದೆ. ವಿವೇಕಾನಂದರ ಭಾವಚಿತ್ರಕ್ಕೆ ಹಾರ, ವೇದಿಕೆಯ ಮೇಲಿದ್ದವರಿಗೆ ಶಾಲು, ಮೈಕಿನಲ್ಲಿ ಯುವಶಕ್ತಿಯ ಗುಣಗಾನ. ಮರುದಿನ ಹಾರ ಬಾಡುತ್ತದೆ, ಮಾತೂ ಬಾಡುತ್ತದೆ.

ದೇಶಕ್ಕೆ ಯುವನೀತಿ ಇಲ್ಲವೆಂದಲ್ಲ. 1988ರಲ್ಲಿ ಒಂದು ಬಂತು, 2003ರಲ್ಲಿ ಇನ್ನೊಂದು, 2014ರಲ್ಲಿ ಮತ್ತೊಂದು. 2022ರಲ್ಲಿ ಹೊಸದೊಂದರ ಕರಡನ್ನೂ ಜನರ ಮುಂದಿಟ್ಟರು. 2003ರ ನೀತಿಯ ಲೆಕ್ಕದಲ್ಲಿ 13ರಿಂದ 35 ವರ್ಷದವರು ಯುವಜನ. 2014ರ ಲೆಕ್ಕದಲ್ಲಿ 15ರಿಂದ 29. ಒಂದೇ ಸಹಿಯಲ್ಲಿ ಮೂವತ್ತರವರೆಲ್ಲ ಮುದುಕರಾಗಿಬಿಟ್ಟರು! ಆ ನೀತಿಯಲ್ಲಿ 5 ಗುರಿ, 11 ಕ್ಷೇತ್ರ. ಶಿಕ್ಷಣ, ಉದ್ಯೋಗ, ಆರೋಗ್ಯ, ಕ್ರೀಡೆ, ಸಾಮಾಜಿಕ ನ್ಯಾಯ, ಎಲ್ಲವೂ ಉಂಟು. ಆ ಹನ್ನೊಂದರಲ್ಲಿ ಭಾಷೆ ಎಂಬ ಕ್ಷೇತ್ರ ಮಾತ್ರ ಇಲ್ಲ. ಈ ಹುಡುಗ ಯಾವ ಭಾಷೆಯಲ್ಲಿ ಓದಿದ, ಯಾವ ಭಾಷೆಯಲ್ಲಿ ಪರೀಕ್ಷೆ ಬರೆಯಬೇಕು ಎಂಬುದು ಅವನ ಅನ್ನದ ಪ್ರಶ್ನೆಯಲ್ಲವೇ?

ಇದು ಅರ್ಥವಾಗಬೇಕಾದರೆ ಬೆಂಗಳೂರಿನ ವಿಜಯನಗರಕ್ಕೆ ಬನ್ನಿ, ಧಾರವಾಡದ ಸಪ್ತಾಪುರಕ್ಕೆ ಹೋಗಿ. ಸಣ್ಣ ರೂಮು, ನಾಲ್ಕು ಮಂಚ, ಗೋಡೆಗೊಂದು ಕರ್ನಾಟಕದ ನಕ್ಷೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ರಾಯಚೂರು, ಕಲಬುರಗಿ, ಚಾಮರಾಜನಗರದ ಮಕ್ಕಳಿದ್ದಾರೆ. ತಿಂಗಳ ಬಾಡಿಗೆ ಎಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತು. ಅದು ಅಪ್ಪನ ಹಾಲಿನ ಬಟವಾಡೆ, ಅವ್ವನ ಕೂಲಿ, ಇಲ್ಲವೇ ಮಾರಿದ ಎಮ್ಮೆ. ಹಗಲು ಗ್ರಂಥಾಲಯದಲ್ಲಿ ಕೂತು, ರಾತ್ರಿ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವವರೂ ಇದ್ದಾರೆ. ಊರಿಗೆ ಹೋದರೆ ಸಿಕ್ಕವರೆಲ್ಲ ಕೇಳುವುದು ಒಂದೇ: "ಏನಪ್ಪಾ, ಆರ್ಡರ್ ಬಂತಾ?" ಆ ಮಾತಿಗೆ ಹೆದರಿ ಹಬ್ಬಕ್ಕೂ ಊರಿಗೆ ಹೋಗದವರೆಷ್ಟೋ!

ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. "ಇದೊಂದು ವರ್ಷ ನೋಡು, ಆಗದಿದ್ದರೆ ಮದುವೆ" ಎಂದು ಮನೆಯಲ್ಲಿ ಗಡುವು ಕೊಟ್ಟಿರುತ್ತಾರೆ. ಸರ್ಕಾರ ಪರೀಕ್ಷೆಯನ್ನು ಆರು ತಿಂಗಳು ಮುಂದೂಡಿದರೆ ಅಧಿಕಾರಿಗಳಿಗೆ ಅದೊಂದು ಸುತ್ತೋಲೆ. ಆ ಹುಡುಗಿಗೆ ಬದುಕಿನ ದಾರಿಯೇ ಮುಚ್ಚಿದಂತೆ.

ಮುಂದೂಡುವುದೇನು, ರದ್ದೇ ಮಾಡುತ್ತಾರೆ! 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎರಡು ವರ್ಷಕ್ಕೂ ಮಿಕ್ಕಿ ಕಾಲ ಹಾಳಾಯಿತು. ತಪ್ಪು ಮಾಡಿದವರು ಯಾರೋ, ವಯಸ್ಸು ಕಳೆದುಕೊಂಡವರು ಇನ್ಯಾರೋ!

ಇನ್ನೊಂದು ಕಥೆ ಕೇಳಿ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಇಂಗ್ಲಿಷಿನಿಂದ ತರ್ಜುಮೆಯಾದ ಕನ್ನಡ ಪ್ರಶ್ನೆಗಳಲ್ಲಿ ತಪ್ಪೋ ತಪ್ಪು. ಹುಯಿಲೆದ್ದ ಮೇಲೆ ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಆದೇಶಿಸಿದರು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲಾದರೂ ಕನ್ನಡ ಸರಿಯಿತ್ತೇ? ಮತ್ತೆ ತಪ್ಪುಗಳು! ಕನ್ನಡದಲ್ಲಿ ಬರೆಯುವವನು ಕನ್ನಡ ಪ್ರಶ್ನೆ ತಿಳಿಯಲು ಪಕ್ಕದ ಇಂಗ್ಲಿಷನ್ನೇ ನೋಡಬೇಕಾಯಿತು. ಇದು ದೆಹಲಿಯಲ್ಲಿ ಆದದ್ದಲ್ಲ ಸ್ವಾಮೀ, ವಿಧಾನಸೌಧದ ಕೂಗಳತೆಯಲ್ಲಿ ಆದದ್ದು. ಮನೆಯಲ್ಲೇ ತಾಯಿಗೆ ಗಂಜಿ ಹಾಕದವರು ದೆಹಲಿಗೆ ಹೋಗಿ ಏನು ಕೇಳುತ್ತಾರೆ?

ಕೇಳಿದರೆ ಸಿಗುತ್ತದೆ, ಅದಕ್ಕೂ ಸಾಕ್ಷಿಯಿದೆ. 2021ರಲ್ಲಿ ಬ್ಯಾಂಕ್ ಗುಮಾಸ್ತರ ನೇಮಕಕ್ಕೆ ಇಂಗ್ಲಿಷ್, ಹಿಂದಿ ಮಾತ್ರ ಎಂದಾಗ ವಿರೋಧ ಎದ್ದಿತು. ನೇಮಕ ಪ್ರಕ್ರಿಯೆ ನಿಂತಿತು, ಕೊನೆಗೆ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಿಗೆ ಅವಕಾಶ ಸಿಕ್ಕಿತು. 2023ರಲ್ಲಿ ಕೇಂದ್ರ ಸಿಬ್ಬಂದಿ ನೇಮಕಾತಿ ಆಯೋಗದ ಎಂಟಿಎಸ್, ಸಿಎಚ್‌ಎಸ್‌ಎಲ್ ಪರೀಕ್ಷೆಗಳಿಗೂ ಕನ್ನಡ ಬಂತು. ಯಾರೂ ಕರೆದು ಕೊಟ್ಟದ್ದಲ್ಲ.

ಕೇಳುವುದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಅಂತಿಮ ವರದಿ ಕೊಟ್ಟಿತು. 58 ಶಿಫಾರಸುಗಳ ಆ ವರದಿಯನ್ನು ಹೊತ್ತು ತಿರುಗಿದ್ದೇ ಬಂತು. 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗ ಕೊಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ನೀಡಿತು. ಉದ್ಯಮಿಗಳು ಗದರಿದರು, ಎರಡೇ ದಿನಕ್ಕೆ ತಡೆ ಬಿತ್ತು. ಯುವನಿಧಿಯಲ್ಲಿ ಪದವೀಧರನಿಗೆ ತಿಂಗಳಿಗೆ 3000 ರೂಪಾಯಿ, ಅದೂ ಎರಡು ವರ್ಷಕ್ಕೆ ಮಾತ್ರ. ಬೇಡವೆನ್ನುವುದಿಲ್ಲ. ಆದರೆ ಹುಡುಗ ಕೇಳಿದ್ದು ಭತ್ಯೆಯಲ್ಲ, ಕೆಲಸ.

ಒಂದು ಮಾತು ನೆನಪಿರಲಿ. ಪಕ್ಕದ ಮಂಚದಲ್ಲಿ ಮಲಗಿರುವ ಬಿಹಾರದ ಹುಡುಗನ ಮೇಲೆ ನಮ್ಮ ಜಗಳವಲ್ಲ. ಅವನೂ ಅಪ್ಪ ಅಮ್ಮನನ್ನು ಬಿಟ್ಟು ಬಂದವನೇ, ಅವನದೂ ಅದೇ ತಿಳಿಸಾರು. ನಮ್ಮ ಜಗಳ ಇಬ್ಬರನ್ನೂ ಕಾಯಿಸುವ ಕುರ್ಚಿಗಳ ಮೇಲೆ.

ಹಾಗಾದರೆ ನಮಗೆ ಬೇಕಾದ್ದೇನು? ಒಂದು, ರಾಜ್ಯದ ನೇಮಕಾತಿ ಪರೀಕ್ಷೆಗಳಿಗೆ ವರ್ಷದ ವೇಳಾಪಟ್ಟಿ, ತಪ್ಪಿದರೆ ತಡವಾದಷ್ಟೂ ವಯೋಮಿತಿಯಲ್ಲಿ ರಿಯಾಯಿತಿ. ಎರಡು, ಪ್ರಶ್ನೆಪತ್ರಿಕೆ ಮೊದಲು ಕನ್ನಡದಲ್ಲೇ ತಯಾರಾಗಲಿ, ಆಮೇಲೆ ಬೇಕಾದರೆ ಇಂಗ್ಲಿಷಿಗೆ ಹೋಗಲಿ. ಮೂರು, ಕೇಂದ್ರದ ಯಾವುದೇ ನೇಮಕಾತಿಯಲ್ಲೂ ಕನ್ನಡದಲ್ಲಿ ಬರೆಯುವ ಹಕ್ಕು, ರಾಷ್ಟ್ರೀಯ ಯುವನೀತಿಯಲ್ಲಿ ಭಾಷೆಗೂ ಒಂದು ಕ್ಷೇತ್ರ.

ನಮ್ಮ ತಪ್ಪೂ ಇದೆ. ನವೆಂಬರ್ 1ಕ್ಕೆ ಬೈಕಿಗೆ ಬಾವುಟ ಕಟ್ಟುವ ನಾವು, ನವೆಂಬರ್ 2ಕ್ಕೆ ನೇಮಕಾತಿ ಪ್ರಕಟಣೆ ಓದುವುದಿಲ್ಲ. ಕನ್ನಡದಲ್ಲಿ ಬರೆಯಲು ಅವಕಾಶವಿದ್ದರೂ ಅರ್ಜಿಯಲ್ಲಿ ಇಂಗ್ಲಿಷಿಗೇ ಗುರುತು ಹಾಕುತ್ತೇವೆ. ಹಾಗೆ ಮಾಡಿದರೆ ಕನ್ನಡದಲ್ಲಿ ಬರೆಯುವವರೇ ಇಲ್ಲವೆಂದು ನಾಳೆ ಅವರೇ ಲೆಕ್ಕ ತೋರಿಸುತ್ತಾರೆ!

2025ರಲ್ಲಿ ಧಾರವಾಡದ ಹುಡುಗ ಹುಡುಗಿಯರು ನೇಮಕಾತಿ ಕೇಳಿ ಬೀದಿಗಿಳಿದರು. ಬೆಂಗಳೂರಿನ ಗೆಳೆಯರೇ, ಅಂದು ನಾವೆಲ್ಲಿದ್ದೆವು? ಮುಂದಿನ ಸಲ ಅವರು ಕೂಗಿದಾಗ ವಿಜಯನಗರದ ರೂಮುಗಳ ಬಾಗಿಲೂ ತೆರೆಯಲಿ. ಹೋದ ದುಡ್ಡು ದುಡಿದರೆ ಬಂದೀತು, ಹೋದ ವಯಸ್ಸು ಬಾರದು. ಏಳಿ!

ಜೈ ಕರ್ನಾಟಕ!