ಮಕ್ಕಳ ಸಿನಿಮಾ ಮಕ್ಕಳಿಗೇ ಸಿಗದಿದ್ದರೆ ಹೇಗೆ?

ಮಾನ್ಯ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರೇ,

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ನಿರ್ದೇಶಕಿ ಸಾಯಿ ಪರಾಂಜಪೆಯವರ ‘ಜಾದೂ ಕಾ ಶಂಖ್’ ಅಥವಾ ‘ಸಿಕಂದರ್’ ಸಿನಿಮಾವನ್ನು ನಮ್ಮ ಮಕ್ಕಳಿಗೆ ತೋರಿಸಬೇಕೆಂದು ಹೊರಟೆ. ವಿಚಾರಿಸಿದ ಕಡೆಯಲ್ಲೆಲ್ಲ ಇನ್ನೊಂದು ಕಚೇರಿಯತ್ತ ಬೊಟ್ಟು ಮಾಡಿದರು. ಕೊನೆಗೆ ಒಬ್ಬರು, ‘ಮೊಬೈಲ್‌ನಲ್ಲಿ ಏನಾದರೂ ಹುಡುಕಿ ಹಾಕಿಬಿಡಿ ಮೇಡಂ, ಮಕ್ಕಳಿಗೆ ಯಾವುದಾದರೇನು?’ ಎಂದರು. ಈ ಪತ್ರ ಬರೆಯಲು ಆ ಮಾತೇ ಕಾರಣ.

ಯಾವುದಾದರೇನು ಎಂದು ಸಾಯಿ ಎಂದೂ ಅಂದುಕೊಂಡವರಲ್ಲ. ಅವರು ಹುಟ್ಟಿದ್ದು 1938ರಲ್ಲಿ. ಮೊದಲ ಪುಸ್ತಕ, ಮಕ್ಕಳ ಕಥೆಗಳ ‘ಮುಲಾಂಚಾ ಮೇವಾ’, ಅಚ್ಚಾದಾಗ ಅವರಿಗಿನ್ನೂ ಎಂಟು ವರ್ಷ. ಪುಣೆ ಆಕಾಶವಾಣಿ, ರಾಷ್ಟ್ರೀಯ ನಾಟಕ ಶಾಲೆ, ದೆಹಲಿ ದೂರದರ್ಶನ ದಾಟಿ ಅವರು ಸಿನಿಮಾಕ್ಕೆ ಬಂದರು. ಭಾರತೀಯ ಮಕ್ಕಳ ಚಲನಚಿತ್ರ ಸಂಸ್ಥೆಗೆ ಎರಡು ಬಾರಿ ಅಧ್ಯಕ್ಷೆಯಾದರು. ಸ್ವಾತಂತ್ರ್ಯ ಹೋರಾಟಗಾರ್ತಿ ಕ್ಯಾಪ್ಟನ್ ಲಕ್ಷ್ಮಿಯವರ ಬಗ್ಗೆ, ಕರ್ನಾಟಕದ ಗಡಿಗೆ ಹತ್ತಿರದ ಕೊಲ್ಹಾಪುರ ಜಿಲ್ಲೆಯ ವಾರಣಾ ಮಕ್ಕಳ ವಾದ್ಯವೃಂದದ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಹೆಚ್ಚಿನವರಿಗೆ ಅವರು ‘ಚಷ್ಮೆ ಬದ್ದೂರ್’ ನಿರ್ದೇಶಕಿ ಮಾತ್ರ. ನನಗೆ ದೊಡ್ಡದಾಗಿ ಕಾಣುವುದು ‘ಸ್ಪರ್ಶ್’.

ಅಂಧ ಮಕ್ಕಳ ಶಾಲೆಯಲ್ಲಿ ನಡೆಯುವ ಕಥೆ ಅದು. ಮುಖ್ಯೋಪಾಧ್ಯಾಯ ಅನಿರುದ್ಧನಿಗೂ ಕಣ್ಣು ಕಾಣದು. ಪಾಠ ಹೇಳಲು ಬಂದ ಕವಿತಾಳಿಗೆ ಅವನು ಸ್ಪಷ್ಟವಾಗಿ ಹೇಳುತ್ತಾನೆ: ಈ ಮಕ್ಕಳಿಗೆ ಬೇಕಾದದ್ದು ಸಹಾಯ, ಕನಿಕರವಲ್ಲ. ಮಕ್ಕಳನ್ನು ಮರುಕಕ್ಕಾಗಿ ಕ್ಯಾಮೆರಾ ಮುಂದೆ ನಿಲ್ಲಿಸದೆ, ಅವರ ತುಂಟತನ, ಜಗಳ, ಸ್ವಾಭಿಮಾನವನ್ನು ಇದ್ದಂತೆಯೇ ತೋರಿಸಿದ್ದು ಸಾಯಿಯವರ ದೊಡ್ಡತನ. ಶಿಕ್ಷಕರ ತರಬೇತಿಯಲ್ಲಿ ಈ ಚಿತ್ರ ಕಡ್ಡಾಯವಾಗಬೇಕು ಎನ್ನುವಷ್ಟು ನನಗೆ ಅದರ ಮೇಲೆ ಗೌರವ.

ಮಾನ್ಯರೇ, ಸಾಯಿಯವರು ಅಧ್ಯಕ್ಷೆಯಾಗಿದ್ದ ಮಕ್ಕಳ ಚಲನಚಿತ್ರ ಸಂಸ್ಥೆ 1955ರಲ್ಲಿ ಹುಟ್ಟಿತು. ಕಿದಾರ್ ಶರ್ಮಾ ನಿರ್ದೇಶಿಸಿದ ಅದರ ಮೊದಲ ಚಿತ್ರ ‘ಜಲ್‌ದೀಪ್’ ವೆನಿಸ್‌ನಲ್ಲಿ ಪ್ರಶಸ್ತಿ ಪಡೆಯಿತು. 2022ರಲ್ಲಿ ಆ ಸಂಸ್ಥೆಯನ್ನು ಫಿಲ್ಮ್ಸ್ ಡಿವಿಷನ್ ಜೊತೆಗೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ನಿಮ್ಮ ಸಚಿವಾಲಯ ವಿಲೀನಗೊಳಿಸಿತು. ಆಡಳಿತದ ಲೆಕ್ಕಾಚಾರ ನಿಮಗೆ ಬಿಟ್ಟದ್ದು. ಆದರೆ ಮಕ್ಕಳ ಸಿನಿಮಾ ಬೇಕೆಂದರೆ ಯಾವ ಬಾಗಿಲು ತಟ್ಟಬೇಕೆಂಬುದೇ ನನ್ನಂಥ ಶಿಕ್ಷಕಿಗೆ ತಿಳಿಯದಾಗಿದೆ. ಜನರ ತೆರಿಗೆ ಹಣದಲ್ಲಿ ಮಕ್ಕಳಿಗೆಂದೇ ತೆಗೆದ ಚಿತ್ರ ಮಕ್ಕಳ ಕಣ್ಣಿಗೇ ಬೀಳದಿದ್ದರೆ, ಅದನ್ನು ಕಾಪಾಡಿಟ್ಟು ಪ್ರಯೋಜನವೇನು?

ಇಂದು ಹಲವು ಶಾಲೆಗಳಲ್ಲಿ ಪ್ರೊಜೆಕ್ಟರ್ ಇದೆ, ಸ್ಮಾರ್ಟ್ ಟಿ.ವಿ. ಇದೆ. ಇಲ್ಲದಿರುವುದು ಚಿತ್ರ ಮಾತ್ರ. ಚಿತ್ರ ಸಿಕ್ಕರೂ ಅದು ಹಿಂದಿಯಲ್ಲಷ್ಟೇ ಇದ್ದರೆ ನಮ್ಮ ಮೂರನೇ ತರಗತಿಯ ಮಕ್ಕಳಿಗೆ ಅರ್ಧ ಕಥೆ ದಕ್ಕುವುದಿಲ್ಲ. ಆ ವಯಸ್ಸಿಗೆ ಅಡಿಬರಹ ಓದುತ್ತಾ ನೋಡು ಎಂದರೂ ಆಗದು, ಕನ್ನಡದ ಧ್ವನಿಯೇ ಬೇಕು.

ದಯವಿಟ್ಟು ಮಕ್ಕಳ ಚಲನಚಿತ್ರ ಸಂಸ್ಥೆಯ ಎಲ್ಲ ಚಿತ್ರಗಳ ಪಟ್ಟಿಯನ್ನು ಪ್ರತಿ ಜಿಲ್ಲೆಯ ಶಿಕ್ಷಣ ಇಲಾಖೆಗೆ ಕಳಿಸಿ. ಕೇಳಿದ ಸರ್ಕಾರಿ ಶಾಲೆಗೆ ಉಚಿತವಾಗಿ ಕೊಡಿ. ಸಾಯಿಯವರ ‘ಜಾದೂ ಕಾ ಶಂಖ್’, ‘ಸಿಕಂದರ್’ ಚಿತ್ರಗಳಿಗೆ ಮೊದಲು ಕನ್ನಡದ ಧ್ವನಿ ಕೊಡಿಸಿ. ಮುಂದಿನ ಮಕ್ಕಳ ದಿನಾಚರಣೆಗೆ ಮುಂಚೆ ಇದಾಗಬೇಕೆಂದು ನನ್ನ ಕಳಕಳಿಯ ವಿನಂತಿ.

ಇತಿ,
ಒಬ್ಬ ಶಾಲಾ ಶಿಕ್ಷಕಿ